ಎರಡನೆಯ ಮೇಣದಬತ್ತಿ

ನವೆಂಬರ್ 30, ಭಾನುವಾರ

ಇವತ್ತಿನಿಂದ ಆಗಮನ ಕಾಲ. ನಮ್ಮ ಪಾದ್ರಿ ಅಯ್ಯನವರು ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ನೋಟ್‌ಬುಕ್ ಹಂಚಿದರು. ಕ್ರಿಸ್‌ಮಸ್ ತನಕ ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ಇದರಲ್ಲಿ ಬರೆಯಬೇಕಂತೆ. "ಯಾರೂ ನೋಡಲ್ಲ, ನಾನೂ ಕೇಳಲ್ಲ. ನಿಮಗೂ ದೇವರಿಗೂ ಗೊತ್ತಿದ್ದರೆ ಸಾಕು" ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಮೇಸ್ತ್ರಿ, "ಯಾರೂ ನೋಡದಿದ್ರೆ ನಾನು ದಿನಕ್ಕೆ ನಾಲ್ಕು ಬರೀತೀನಿ" ಎಂದು ಸಭೆಯನ್ನೆಲ್ಲ ನಗಿಸಿದರು. ಲಾಂಡ್ರಿಯಲ್ಲಿ ನಮಗೆ ಮೇಸ್ತ್ರಿ, ಇಲ್ಲಿ ಸಭೆಯ ಹಿರಿಯರು. ಎರಡು ಕಡೆಯೂ ಅವರ ಮಾತಿಗೆ ನಗುವ ಜನ ಇದ್ದಾರೆ.

ನಾನು ಊರ ಶಾಲೆಯಲ್ಲಿ ಏಳನೆಯ ಕ್ಲಾಸಿನ ತನಕ ಓದಿದವಳು. ಅಕ್ಷರ ದುಂಡಗೆ ಬರುತ್ತದೆ. ಸಭೆಯ ಪ್ರಾರ್ಥನೆಯ ಚೀಟಿಗಳನ್ನು ಬರೆಯುವವಳೂ ನಾನೇ. ಬರೆಯುವುದಕ್ಕೆ ನನಗೇನೂ ಹೆದರಿಕೆಯಿಲ್ಲ.

ವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದಬತ್ತಿಗಳಲ್ಲಿ ಮೊದಲನೆಯದು, ನಿರೀಕ್ಷೆಯದು, ಹಚ್ಚಿದ್ದಾಯಿತು. ಎಡಚಿ ಬಂದಿರಲಿಲ್ಲ. ಲಾಂಡ್ರಿಯಲ್ಲಿ ನನ್ನ ಜೊತೆಗಾತಿ, ಪಕ್ಕದ ಮನೆಯವಳು. ಅವಳು ಆಸ್ಪತ್ರೆಯಿಂದ ಮನೆಗೆ ಬಂದು ಮೂರು ದಿನವಾಯಿತು. ಬೆಂಚಿನಲ್ಲಿ ನನ್ನ ಪಕ್ಕದ ಅವಳ ಜಾಗದಲ್ಲಿ ನಾನು ಕೊಡೆ ಇಟ್ಟುಕೊಂಡು ಕೂತೆ.

ಇವತ್ತಿನ ಒಳ್ಳೆಯ ಕೆಲಸ: ಎಡಚಿಗೆ ಒಂದು ತಟ್ಟೆ ಊಟ ಕೊಟ್ಟೆ. ಬಾಗಿಲಲ್ಲಿ ಇಟ್ಟು, ಬಡಿದು, ಅವಳು ತೆಗೆಯುವ ಮುಂಚೆ ಬಂದುಬಿಟ್ಟೆ.

ಡಿಸೆಂಬರ್ 1, ಸೋಮವಾರ

ಒಂದು ಸಾಲು ಬರೆದರೆ ಸಾಕು ಎಂದಿದ್ದರು. ನನಗೆ ಸಾಲುವುದಿಲ್ಲ.

ನಮ್ಮದು ದೊಡ್ಡ ಲಾಂಡ್ರಿ. ಆಸ್ಪತ್ರೆಯ ಮತ್ತು ಹೋಟೆಲುಗಳ ಚಾದರಗಳೆಲ್ಲ ಇಲ್ಲಿಗೇ ಬರುತ್ತವೆ. ನನ್ನ ಕೆಲಸ ರೋಲರ್ ಮಷೀನಿನಲ್ಲಿ. ಒದ್ದೆ ಚಾದರದ ಎರಡು ಮೂಲೆಯನ್ನು ಇಬ್ಬರು ಹಿಡಿದು ಕೊಡಬೇಕು, ಬಿಸಿ ರೋಲರು ಎಳೆದುಕೊಂಡು ಇಸ್ತ್ರಿ ಮಾಡಿ ಆ ಕಡೆ ಬಿಡುತ್ತದೆ. ಹನ್ನೊಂದು ವರ್ಷದಿಂದ ಬಲ ಮೂಲೆ ನನ್ನದು, ಎಡ ಮೂಲೆ ಎಡಚಿಯದು. ಎಡಗೈಯವಳಾದ್ದರಿಂದ ಆ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ನನಗೂ ಒಂದು ಹೆಸರಿಟ್ಟಿದ್ದಾರೆ, ಗಂಟಕ್ಕ. ಬಟ್ಟೆಯ ಮೂಟೆಗೆ ನಾನು ಹಾಕಿದ ಗಂಟು ಎಷ್ಟು ಎಳೆದರೂ ಬಿಚ್ಚುವುದಿಲ್ಲ, ಕತ್ತರಿಯೇ ಬೇಕು. ಅಪ್ಪ ಸೌದೆಯ ಹೊರೆ ಕಟ್ಟುತ್ತಿದ್ದುದನ್ನು ನೋಡಿ ಕಲಿತದ್ದು.

ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ತಡೆಕಂಬಿ ಇದೆ. ಕೈ ತಾಗಿದರೆ ಮಷೀನು ನಿಂತುಬಿಡುತ್ತದೆ. ದಪ್ಪ ಬಟ್ಟೆ ತಾಗಿದರೂ ನಿಲ್ಲುತ್ತದೆ, ಅದೇ ಕಷ್ಟ. ಹಬ್ಬ ಹತ್ತಿರ ಬಂದು ಹೋಟೆಲುಗಳು ತುಂಬಿದಾಗ ಕಂಬಿಯನ್ನು ಮೇಲೆತ್ತಿ ಹಳೆಯ ಚಾದರದ ಪಟ್ಟಿಯಿಂದ ಕಟ್ಟುವುದುಂಟು. ಕಟ್ಟಬಾರದೆಂದು ಗೋಡೆಯ ಮೇಲೆ ಬರೆದೂ ಇದೆ. ನವೆಂಬರ್ ಇಪ್ಪತ್ತರಂದು ಕಟ್ಟಿತ್ತು.

ಚಾದರದ ಅಂಚು ಎಡಚಿಯ ಬೆರಳಿಗೆ ಸುತ್ತಿಕೊಂಡಿತು. ಎಡಗೈ ಒಳಗೆ ಹೋಯಿತು. ಕಂಬಿ ಮೇಲಿತ್ತು, ಮಷೀನು ನಿಲ್ಲಲಿಲ್ಲ. ನಾನು ಮಷೀನು ನಿಲ್ಲಿಸುವ, ಕಂಬದ ಮೇಲಿನ ಕೆಂಪು ಗುಂಡಿಯ ತನಕ ಓಡಿದೆ. ಹದಿನೆಂಟು ಹೆಜ್ಜೆ. ಆಮೇಲೆ ಎಣಿಸಿದೆ. ಎರಡು ಬೆರಳು ಹೋದವು, ಅಂಗೈ ಸುಟ್ಟಿತು.

ನಾಲ್ಕನೆಯ ದಿನ ಮೇಸ್ತ್ರಿ ಒಂದು ಕಾಗದ ತಂದರು. ಕಂಬಿಯನ್ನು ಎಡಚಿಯೇ ಕಟ್ಟಿಕೊಂಡಳು, ಬೇಡವೆಂದರೂ ಕೇಳಲಿಲ್ಲ ಎಂದು ಅದರಲ್ಲಿತ್ತು. "ಪಕ್ಕದಲ್ಲಿದ್ದವಳು ನೀನೇ ಅಲ್ವೇನಮ್ಮಾ. ಒಂದು ಸಹಿ ಹಾಕು" ಎಂದರು. ನನ್ನ ಸಹಿಯೂ ದುಂಡಗೆ ಬರುತ್ತದೆ.

ಇವತ್ತಿನ ಒಳ್ಳೆಯ ಕೆಲಸ: ಸಭೆಯ ಮೇಜಿನ ಬಿಳಿ ಬಟ್ಟೆ ತಂದು ಒಗೆದು ಗಂಜಿ ಹಾಕಿದೆ.

ಡಿಸೆಂಬರ್ 3, ಬುಧವಾರ

ಊಟದ ತಟ್ಟೆ ವಾಪಸು ಬಂದಿದೆ. ತೊಳೆದು, ಒರೆಸಿ, ನಮ್ಮ ಹೊಸ್ತಿಲ ಮೇಲೆ ಇಟ್ಟಿದ್ದಳು. ಬಾಗಿಲು ಬಡಿದ ಸದ್ದು ನನಗೆ ಕೇಳಿಸಲಿಲ್ಲ. ಬಡಿಯಲೇ ಇಲ್ಲವೋ ಏನೋ.

ಇವು ಲಾಂಡ್ರಿಯವರು ಕೊಟ್ಟ ಸಾಲುಮನೆಗಳು. ಒಂದು ಮನೆಯ ಗೋಡೆಯೇ ಇನ್ನೊಂದು ಮನೆಗೂ ಗೋಡೆ. ಅವಳ ಕೋಣೆ ನಮ್ಮ ಕೋಣೆಗೆ ಅಂಟಿಕೊಂಡಿದೆ. ಬೆಳಿಗ್ಗೆ ಅವಳ ಬಾಚಣಿಗೆ ನೆಲಕ್ಕೆ ಬೀಳುವುದು ಕೇಳಿಸುತ್ತದೆ. ಬಿದ್ದು, ಎತ್ತಿಕೊಂಡು, ಮತ್ತೆ ಬೀಳುತ್ತದೆ. ಬಲಗೈಗೆ ಅಭ್ಯಾಸವಿಲ್ಲ. ಒಂಟಿ ಹೆಂಗಸು, ಜಡೆ ಹಾಕುವವರು ಯಾರೂ ಇಲ್ಲ.

ಅತ್ತೆಗೂ ಕೇಳಿಸಿದೆ. ಎಂಬತ್ತಮೂರು ವರ್ಷ, ಹಾಸಿಗೆ ಬಿಟ್ಟು ಏಳುವುದಿಲ್ಲ, ಆದರೆ ಕಿವಿ ಇಡೀ ಸಾಲನ್ನು ಸುತ್ತಿ ಬರುತ್ತದೆ. "ಪಕ್ಕದ ಮನೆಗೆ ಹೋಗಿ ಬಂದ್ಯೇನೇ?" ಎಂದು ಕೇಳಿದರು.

"ಊಟ ಕೊಟ್ಟು ಬಂದೆ ಅತ್ತೆ."

"ನಾನು ಕೇಳಿದ್ದು ತಟ್ಟೆ ಹೋಯ್ತಾ ಅಂತ ಅಲ್ಲ, ನೀನು ಹೋದ್ಯಾ ಅಂತ."

ನಾನು ಅವರ ದಿಂಬು ಸರಿ ಮಾಡಿದೆ.

ಇವತ್ತಿನ ಒಳ್ಳೆಯ ಕೆಲಸ: ಅತ್ತೆಯ ದಿಂಬು.

ಡಿಸೆಂಬರ್ 5, ಶುಕ್ರವಾರ

ನಮ್ಮ ಸಭೆಯಲ್ಲಿ ಆಗಮನದ ಎರಡನೆಯ ಬತ್ತಿಯನ್ನು, ಸಮಾಧಾನದ ಬತ್ತಿಯನ್ನು, ಒಬ್ಬರೇ ಹಚ್ಚುವ ಹಾಗಿಲ್ಲ. ಆ ವರ್ಷ ಮನಸ್ತಾಪವಾಗಿ ಆಮೇಲೆ ಒಂದಾದ ಇಬ್ಬರು, ಒಂದೇ ಕಡ್ಡಿ ಹಿಡಿದು ಹಚ್ಚಬೇಕು. ಅದಕ್ಕೆ ಮುಂಚೆ ಅಯ್ಯನವರು ಎಲ್ಲರೆದುರು, "ನಿಮ್ಮಿಬ್ಬರ ನಡುವೆ ಏನಾದರೂ ಉಳಿದಿದೆಯೇ?" ಎಂದು ಕೇಳುತ್ತಾರೆ. "ಉಳಿದಿಲ್ಲ" ಎನ್ನಬೇಕು. ಹೋದ ವರ್ಷ ಹಚ್ಚಿದವರು ಹಾಡಿನ ಗುಂಪಿನ ಇಬ್ಬರು ಹೆಂಗಸರು, ಯಾರ ಗಂಟಲು ದೊಡ್ಡದೆಂದು ಜಗಳವಾಡಿಕೊಂಡಿದ್ದವರು. ಹಚ್ಚುವಾಗಲೂ ಕಡ್ಡಿ ಯಾರು ಗೀರಬೇಕೆಂದು ಮೊಣಕೈಯಲ್ಲಿ ತಿವಿದಾಡಿದರು.

ಈ ಸಲ ನಾನೂ ಎಡಚಿಯೂ ಹಚ್ಚಬೇಕಂತೆ. ಅಯ್ಯನವರೇ ಮನೆಗೆ ಬಂದು ಹೇಳಿದರು. "ಆ ಅಪಘಾತ ಆದಾಗಿನಿಂದ ನಿಮ್ಮಿಬ್ಬರಿಗೂ ಮಾತಿಲ್ಲ ಅಂತ ಮೇಸ್ತ್ರಿ ತುಂಬಾ ನೊಂದುಕೊಂಡ್ರಮ್ಮ. ಅಕ್ಕತಂಗಿ ಥರ ಇದ್ದವರು. ಅವಳು ಒಪ್ಪಿದ್ದಾಳೆ." ಅವರ ಕಣ್ಣಲ್ಲಿ ಕಪಟವಿರಲಿಲ್ಲ. ಅವರಿಗೆ ಕಾಗದದ ವಿಷಯ ಗೊತ್ತಿಲ್ಲ.

ಅವಳು ಯಾಕೆ ಒಪ್ಪಿದಳು?

ಮಧ್ಯಾಹ್ನ ಮೇಸ್ತ್ರಿ ಮಷೀನಿನ ಹತ್ತಿರ ಬಂದು, "ಆಗಿದ್ದು ಆಯ್ತು. ಹಬ್ಬದ ಹೊತ್ತಲ್ಲಿ ಎಲ್ಲ ಸಮಾಧಾನವಾಗಿರಬೇಕು. ಏನಂತೀಯಾ ಗಂಟಕ್ಕ?" ಎಂದರು. ಹೂಂ ಎಂದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇವತ್ತಿನ ಒಳ್ಳೆಯ ಕೆಲಸ: ಒಪ್ಪಿಕೊಂಡೆ. ಅಯ್ಯನವರಿಗೆ ಸಂತೋಷವಾಯಿತು.

ಡಿಸೆಂಬರ್ 7, ಭಾನುವಾರ

ಎಡಚಿ ಬಂದಿದ್ದಳು. ಕೈ ತುಂಬಾ ಬಿಳಿ ಕಟ್ಟು. ಕೂದಲನ್ನು ಹಿಂದಕ್ಕೆ ಸುಮ್ಮನೆ ಬಿಟ್ಟುಕೊಂಡಿದ್ದಳು. ಹನ್ನೊಂದು ವರ್ಷದಲ್ಲಿ ಜಡೆಯಿಲ್ಲದೆ ನಾನು ಅವಳನ್ನು ನೋಡಿರಲಿಲ್ಲ.

ಮುಂದೆ ನಿಂತೆವು. ಅಯ್ಯನವರು ಕೇಳಿದರು. ನಾನು "ಉಳಿದಿಲ್ಲ" ಎಂದೆ. ಬೇಗ ಹೇಳಿದೆ. ಬೆಂಚುಗಳು ಕಿರ್ರೆಂದವು, ಯಾರೋ ಕೆಮ್ಮಿದರು. ಅವಳು ಅಯ್ಯನವರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆಮೇಲೆ, "ಅಕ್ಕ ಹೇಳಿದ ಹಾಗೆ" ಎಂದಳು.

ಕಡ್ಡಿಯನ್ನು ನಾನು ಗೀರಿದೆ. ಅವಳು ಬಲಗೈಯ ಎರಡು ಬೆರಳಿಂದ ಹಿಡಿದಳು. ಬತ್ತಿ ಹತ್ತಿಕೊಂಡಿತು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮೇಸ್ತ್ರಿ ಎದ್ದು ನಿಂತು ತಟ್ಟಿದರು.

ಇವತ್ತಿನ ಒಳ್ಳೆಯ ಕೆಲಸ:

ಡಿಸೆಂಬರ್ 8, ಸೋಮವಾರ

ತಲೆನೋವು.

ಡಿಸೆಂಬರ್ 10, ಬುಧವಾರ

ಎಡಚಿಯ ಬಾಗಿಲಿಗೆ ಕಾಗದ ಅಂಟಿಸಿದ್ದಾರೆ. ನಿಯಮ ಮೀರಿ ಅಪಘಾತ ಮಾಡಿಕೊಂಡದ್ದರಿಂದ ಕೆಲಸದಿಂದ ತೆಗೆದಿದೆ, ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು ಎಂದಿದೆ. ಅವಳು ಕಾರ್ಮಿಕ ಕಚೇರಿಗೆ ದೂರು ಕೊಟ್ಟಿದ್ದಾಳಂತೆ. ವಿಚಾರಣೆ ಇಪ್ಪತ್ತಮೂರಕ್ಕೆ. ನನ್ನನ್ನೂ ಕರೆಯುತ್ತಾರೆ, ಸಹಿ ಹಾಕಿದವಳಲ್ಲವೇ. ಬರೆದದ್ದು ನಿಜವೆಂದು ಬಾಯಲ್ಲಿ ಹೇಳಿದರೆ ಮುಗಿಯಿತು, ಅವಳು ಬೀದಿಗೆ.

ಮನೆಯವರು ಅದೇ ಲಾಂಡ್ರಿಯ ಬಾಯ್ಲರಿನಲ್ಲಿ ಕೆಲಸ ಮಾಡುತ್ತಾರೆ. ಹೊಗೆ ಕುಡಿದು ಕುಡಿದು ಎದೆ ಹೋಗಿದೆ, ನಿವೃತ್ತಿಗೆ ಇನ್ನೆರಡು ವರ್ಷ. ಸಂಜೆ ಕೈಕಾಲು ತೊಳೆಯುತ್ತಾ ತಾವೇ ಮಾತು ತೆಗೆದರು.

"ಇಪ್ಪತ್ತಮೂರಕ್ಕೆ ಹೋಗಿ ಹೂಂ ಅಂದು ಬಂದುಬಿಡು."

"ಅವಳು ಕಟ್ಟಿಲ್ಲ ರೀ."

"ಅವಳು ಕಟ್ಟಿಲ್ಲ ಅಂದ್ರೆ ಮುಂದಿನ ಪ್ರಶ್ನೆ ಏನು? ಯಾರು ಕಟ್ಟಿದ್ರು ಅಂತ ತಾನೇ?"

ಅವರು ಟವೆಲಿನಲ್ಲಿ ಕೈ ಒರೆಸಿಕೊಂಡರು.

"ಗೋಡೆ ಆಚೆ ಇರೋಳು ಒಬ್ಬಳು. ಈಚೆ ಇರೋರು ಮೂರು ಜನ. ಅಮ್ಮನ್ನ ಹೊತ್ಕೊಂಡು ಎಲ್ಲಿಗೆ ಹೋಗ್ತೀಯಾ? ಮಂಚ ಸಮೇತ?"

ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಮಾಡಿರಲಿಲ್ಲ.

ಕಾಗದ ಅಂಟಿಸಿದ ಅಂಟು ಹಸಿಯಾಗಿತ್ತು, ಒಂದು ಮೂಲೆ ಎದ್ದಿತ್ತು. ಹಾದುಹೋಗುವಾಗ ನಾನು ಅದನ್ನು ಬೆರಳಲ್ಲಿ ಒತ್ತಿ ಸರಿಮಾಡಿದೆ. ಯಾಕೆ ಹಾಗೆ ಮಾಡಿದೆನೋ. ಚಾದರದ ಮೂಲೆ ಸರಿಮಾಡುವ ಕೈ.

ಡಿಸೆಂಬರ್ 14, ಭಾನುವಾರ

ಮೂರನೆಯ ಬತ್ತಿ, ಸಂತೋಷದ್ದು. ಮಕ್ಕಳು ಹಚ್ಚಿದರು. ಎರಡನೆಯದು ಉಳಿದವಕ್ಕಿಂತ ಚೆನ್ನಾಗಿಯೇ ಉರಿಯುತ್ತಿತ್ತು.

ಎಲ್ಲರೂ ಹೋದ ಮೇಲೆ ಮೇಜಿನ ಬಟ್ಟೆ ಮಡಿಸುತ್ತಾ ಅಯ್ಯನವರನ್ನು ಕೇಳಿದೆ. "ನ್ಯಾಯ ಆಗದೆ ಹಚ್ಚಿದ ಬತ್ತಿ ಹೇಗೆ ಉರಿಯುತ್ತೆ ಅಯ್ಯನವರೇ?"

ಅವರು ತಮಾಷೆಯೆಂದುಕೊಂಡು ನಕ್ಕರು. "ಬತ್ತಿಗೇನಮ್ಮ ಗೊತ್ತು, ಕಡ್ಡಿ ತಾಗಿದ್ರೆ ಉರಿಯುತ್ತೆ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಒಂದು ಕುರ್ಚಿ ಎಳೆದು ನನ್ನೆದುರು ಕೂತರು. "ಹೇಳಬೇಕು ಅನ್ನೋದು ಏನಾದ್ರೂ ಇದ್ಯಾ?"

"ಮೇಜಿನ ಬಟ್ಟೆಗೆ ಮೇಣ ಬಿದ್ದಿದೆ. ಬಿಸಿ ಇಸ್ತ್ರಿ ಹಾಕಿ ತೆಗೀಬೇಕು" ಎಂದೆ.

ಅವರು ಎದ್ದು ಹೋಗುವಾಗ, "ಹೋದ ವಾರ ನಾನು ಆ ಪ್ರಶ್ನೇನ ಮೊದಲು ಮನೆಯಲ್ಲಿ ಕೇಳಬೇಕಿತ್ತು. ಎಲ್ಲರೆದುರು ಕೇಳಿಬಿಟ್ಟೆ" ಎಂದರು. ಬಾಗಿಲನ್ನು ಮುಚ್ಚದೆ ಹೋದರು.

ಒಳ್ಳೆಯ ಕೆಲಸ: ಮೇಣ ತೆಗೆದೆ.

ಡಿಸೆಂಬರ್ 16, ಮಂಗಳವಾರ

ಹೋಟೆಲಿನ ದಪ್ಪ ಹೊದಿಕೆಗಳು ಬಂದಿವೆ, ಗಾಡಿ ಗಾಡಿ. ಬೆಳಿಗ್ಗೆ ಹನ್ನೊಂದರೊಳಗೆ ಮಷೀನು ಹದಿನಾಲ್ಕು ಸಲ ನಿಂತಿತು. ಎಡಚಿಯ ಮೂಲೆಗೆ ಹೊಸಬಳೊಬ್ಬಳನ್ನು ಹಾಕಿದ್ದಾರೆ, ನಲವತ್ತು ದಾಟಿದ ವಿಧವೆ. ಒಂದು ಸಲ ಮಷೀನು ನಿಂತರೂ ತನ್ನದೇ ತಪ್ಪೆಂಬಂತೆ ನನ್ನ ಮುಖ ನೋಡುತ್ತಾಳೆ.

ಮೇಸ್ತ್ರಿ ಬಂದು ಹಳೆಯ ಚಾದರದ ಪಟ್ಟಿಯೊಂದನ್ನು ಮಷೀನಿನ ಮೇಲೆ ಹಾಕಿದರು. "ಸ್ವಲ್ಪ ಎತ್ತಿ ಕಟ್ಟಮ್ಮಾ. ಹಬ್ಬದ ತನಕ ಅಷ್ಟೇ. ನಿನ್ನ ಗಂಟಾದ್ರೆ ನಂಗೆ ಧೈರ್ಯ." ಹೋದ ತಿಂಗಳೂ ಇದೇ ಮಾತು, ಇದೇ ದನಿ.

ಕಟ್ಟಿದೆ.

ಮೂರನೆಯ ಹೊದಿಕೆಗೇ ಗಂಟು ಜಾರಿ ಕಂಬಿ ಕೆಳಗೆ ಬಿತ್ತು. ಮತ್ತೆ ಕಟ್ಟಿಸಿದರು. ಮತ್ತೆ ಜಾರಿತು. ಮೂರನೆಯ ಸಲ ಅವರೇ ಎಳೆದು ನೋಡಿದರು, ಅವರ ಕೈಯಲ್ಲೇ ಬಿಚ್ಚಿಕೊಂಡಿತು. "ಏನು ಗಂಟಕ್ಕಾ, ವಯಸ್ಸಾಯ್ತಾ?"

"ಆಯ್ತು ಮೇಸ್ತ್ರಿ."

"ಕೈ ನಡುಗುತ್ತಾ?"

"ಇಲ್ಲ."

ಅವರು ಪಟ್ಟಿಯನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡು ಹೋದರು. ಹೊಸಬಳು, "ಬೇಕಂತಲೇ ಸಡಿಲ ಬಿಟ್ರಾ ಅಕ್ಕ?" ಎಂದು ಪಿಸುಗುಟ್ಟಿದಳು. ಬಟ್ಟೆ ನೋಡು, ನನ್ನ ನೋಡಬೇಡ ಎಂದೆ. ಅಷ್ಟು ಒರಟಾಗಿ ಹೇಳಬಾರದಿತ್ತು.

ಇವತ್ತಿನ ಒಳ್ಳೆಯ ಕೆಲಸ: ಇಲ್ಲ. ಹೊಸಬಳ ಮೇಲೆ ರೇಗಿದೆ.

ಡಿಸೆಂಬರ್ 18, ಗುರುವಾರ

ಭಾನುವಾರದ ಶಾಲೆಯ ಟೀಚರಮ್ಮ ಮಕ್ಕಳ ನಾಟಕದ ಬೊಂಬೆ ತಂದುಕೊಟ್ಟರು. ಗೋದಲಿಯಲ್ಲಿ ಮಲಗಿಸುವ ಮಗು. ಪ್ರತಿ ವರ್ಷ ಬಟ್ಟೆ ಸುತ್ತಿ ಕೊಡುವವಳು ನಾನೇ. "ಮಕ್ಕಳು ಎತ್ತಾಡಿ ಬಿಚ್ಚಿಹಾಕ್ತವೆ. ನಿಮ್ಮ ಗಂಟೇ ಹಾಕಿ" ಎಂದರು.

ಹಳೆಯ ಚಾದರ ಹರಿದೆ. ನಾಲ್ಕು ಬೆರಳಗಲದ ಪಟ್ಟಿ. ಹರಿಯುವಾಗ ಪರ್ರೆಂದು ಸದ್ದಾಯಿತು, ನವೆಂಬರ್ ಇಪ್ಪತ್ತರ ಬೆಳಗಿನ ಅದೇ ಸದ್ದು. ಸುತ್ತಿದೆ. ಎರಡು ಸುತ್ತು, ಮೂರನೆಯದು ಮೊದಲನೆಯದರ ಅಡಿಯಿಂದ. ಕೈ ತಾನಾಗಿ ಮಾಡಿತು. ಮಾಡಿದ ಮೇಲೆ ನೋಡಿದೆ.

ಆ ದಿನ ನಾನು ಗುಂಡಿ ಒತ್ತಿ ಬಂದಾಗಲೂ ಅವಳ ಕೈ ಒಳಗೇ ಇತ್ತು. ಕಂಬಿ ಇಳಿಸದೆ ರೋಲರು ಹಿಂದಕ್ಕೆ ತಿರುಗುವುದಿಲ್ಲ. ಕಂಬಿ ಇಳಿಸಬೇಕಾದರೆ ಗಂಟು ಬಿಚ್ಚಬೇಕು. ನಾನು ಉಗುರಲ್ಲಿ ಎಳೆದೆ, ಹಲ್ಲಲ್ಲಿ ಎಳೆದೆ. ಬಿಚ್ಚಲಿಲ್ಲ. ಯಾರೋ ಕತ್ತರಿ ತರುವ ತನಕ ಅವಳು ಅಕ್ಕ ಅಕ್ಕ ಎನ್ನುತ್ತಿದ್ದಳು.

ಹದಿನೆಂಟು ಹೆಜ್ಜೆ ಬರೆದಿದ್ದೇನೆ. ಇದನ್ನು ಬರೆದಿರಲಿಲ್ಲ. ಈಗ ಹಿಂದಿನ ಪುಟ ತಿರುವಿ ನೋಡಿದೆ, "ಕಟ್ಟಿತ್ತು" ಎಂದಿದೆ. ಕಂಬಿ ತನ್ನಷ್ಟಕ್ಕೆ ತಾನು ಕಟ್ಟಿಕೊಳ್ಳುತ್ತದೆಯೇ. ನಾನು ಕಟ್ಟಿದೆ. ಬೆಳಿಗ್ಗೆ ಏಳೂವರೆಗೆ, ಮೇಸ್ತ್ರಿ ಹೇಳಿದರೆಂದು, ಗಂಟಕ್ಕನ ಗಂಟೆಂದು ಹೊಗಳಿದರೆಂದು ಇನ್ನೊಂದು ಸುತ್ತು ಹೆಚ್ಚಾಗಿ ಹಾಕಿ ಕಟ್ಟಿದೆ.

ಬೊಂಬೆಯ ಗಂಟನ್ನು ಕತ್ತರಿಸಿ ತೆಗೆದೆ. ಗುಂಡುಪಿನ್ನು ಚುಚ್ಚಿ ಕೊಟ್ಟು ಕಳಿಸಿದೆ.

ಡಿಸೆಂಬರ್ 20, ಶನಿವಾರ

ಅತ್ತೆಗೆ ಮೈ ಒರೆಸುವಾಗ ಹೇಳಿಬಿಟ್ಟೆ. ಹೇಳಬೇಕೆಂದುಕೊಂಡಿರಲಿಲ್ಲ. ಬೆನ್ನು ನನ್ನ ಕಡೆ ಇತ್ತು, ಅದಕ್ಕೆ ಸುಲಭವಾಯಿತು.

ಅವರು "ನೀರು ತಣ್ಣಗಾಯ್ತು" ಎಂದರು. ಆಮೇಲೆ, "ಹೇಳಿದ್ರೆ ಈ ಮನೆ ಹೋಗುತ್ತೆ ಅಂತ ತಾನೇ ನಿನ್ನ ಚಿಂತೆ?"

"ನಿಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗಲಿ ಅತ್ತೆ?"

"ಅಂದ್ರೆ ಸುಳ್ಳು ಹೇಳ್ತಿರೋದು ನೀನು, ಹೇಳಿಸ್ತಿರೋದು ನಾನು. ಮಲಗಿದಲ್ಲೇ ನನ್ನ ಕೈಲಿ ಎಷ್ಟೆಲ್ಲ ಕೆಲಸ ಮಾಡಿಸ್ತೀಯೇ." ತಿರುಗಿ ನನ್ನ ಮುಖ ನೋಡಲು ಪ್ರಯತ್ನಪಟ್ಟರು, ಆಗಲಿಲ್ಲ, ಗೋಡೆಗೇ ಹೇಳಿದರು. "ಸಾಯೋಕೆ ನನಗೆ ಇದೇ ಕೋಣೆ ಬೇಕು ಅಂತ ನಾನು ಯಾರಿಗೂ ಬರೆದುಕೊಟ್ಟಿಲ್ಲ. ನಿನಗೆ ಭಯ ಇದ್ರೆ ನನಗೆ ಭಯ ಅನ್ನು. ಮುದುಕಿ ಹೆಸರು ಹೇಳಬೇಡ."

ಮನೆಯವರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಗೊತ್ತಿಲ್ಲ. ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಡಿಸೆಂಬರ್ 21, ಭಾನುವಾರ

ನಾಲ್ಕನೆಯ ಬತ್ತಿ. ಪ್ರೀತಿಯದು. ಎಡಚಿ ಬಂದಿರಲಿಲ್ಲ. ಅವಳ ಜಾಗದಲ್ಲಿ ಕೊಡೆ ಇಡಲಿಲ್ಲ, ಖಾಲಿ ಬಿಟ್ಟೆ.

ಗೋಡೆಯಾಚೆ ಸಾಮಾನು ಕಟ್ಟುವ ಸದ್ದು. ಒಂದು ಕೈಯಲ್ಲಿ ಏನು ಕಟ್ಟುತ್ತಾಳೋ.

ಡಿಸೆಂಬರ್ 23, ಮಂಗಳವಾರ

ಕಚೇರಿ ಎರಡನೆಯ ಮಹಡಿಯಲ್ಲಿ. ಒಂದು ಉದ್ದ ಮೇಜು, ನೀರಿನ ಜಗ್ಗು, ಮುಚ್ಚಿದ ಕಿಟಕಿ. ಕಾರ್ಮಿಕ ಅಧಿಕಾರಿ ಕನ್ನಡಕದ ಹೆಂಗಸು, ನನ್ನಷ್ಟೇ ವಯಸ್ಸು. ಒಂದು ಕಡೆ ಮೇಸ್ತ್ರಿ, ಇನ್ನೊಂದು ಕಡೆ ಎಡಚಿ. ನನಗೆ ನಡುವಿನ ಕುರ್ಚಿ.

ಅಧಿಕಾರಿ ಕಾಗದ ಓದಿ, "ಇದು ನೀವು ಹೇಳಿದ್ದೇ ತಾನೇ?" ಎಂದರು. ಹೂಂ ಎಂಬುದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರು ಫೈಲಿನಿಂದ ಪ್ಲಾಸ್ಟಿಕ್ಕಿನ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಆ ದಿನ ಕಂಬಿಯಿಂದ ಕತ್ತರಿಸಿ ತೆಗೆದ ಪಟ್ಟಿ ಇತ್ತು. ಬಟ್ಟೆ ತುಂಡಾಗಿತ್ತು, ಗಂಟು ಹಾಗೇ ಇತ್ತು. ಒಂದು ತಿಂಗಳಾದರೂ ಸಡಿಲವಾಗಿರಲಿಲ್ಲ.

"ಆ ಗಂಟು ನನ್ನದು" ಎಂದೆ.

ಮೇಸ್ತ್ರಿ ಮುಂದೆ ಬಾಗಿ, "ಅಮ್ಮ, ಇವರಿಗೆ ಇತ್ತೀಚೆಗೆ ಮೈ ಹುಷಾರಿಲ್ಲ. ತಲೆನೋವು, ಮರೆವು" ಎಂದರು. ಅಧಿಕಾರಿ ನನ್ನ ಕಡೆ ತಿರುಗಿದರು. ಬೊಂಬೆಗೆಂದು ಹರಿದು ಉಳಿದಿದ್ದ ಪಟ್ಟಿಯೊಂದು ನನ್ನ ಚೀಲದಲ್ಲಿತ್ತು, ತೆಗೆದು ಕುರ್ಚಿಯ ಕೈಗೆ ಕಟ್ಟಿದೆ. ಎರಡು ಸುತ್ತು, ಮೂರನೆಯದು ಮೊದಲನೆಯದರ ಅಡಿಯಿಂದ. ಬಿಚ್ಚಿ ನೋಡಿ ಎಂದೆ. ಅವರು ಎಳೆದರು, ಉಗುರು ಹಾಕಿದರು, ಬಿಟ್ಟರು. ಕವರನ್ನು ಕುರ್ಚಿಯ ಕೈಯ ಪಕ್ಕ ಹಿಡಿದು ಎರಡು ಗಂಟುಗಳನ್ನೂ ಹೋಲಿಸಿ ನೋಡಿದರು.

"ಅವಳು ಎಡಗೈಯವಳು. ಅವಳು ಕಟ್ಟಿದ್ರೆ ಸುತ್ತು ಈ ಕಡೆ ಹೋಗಿರೋದು" ಎಂದು ತೋರಿಸಿದೆ.

"ಕಟ್ಟು ಅಂತ ಹೇಳಿದ್ದು ಯಾರು?"

"ಮೇಸ್ತ್ರಿ ಹೇಳಿದ್ರು. ಹೋದ ವಾರಾನೂ ಹೇಳಿದ್ರು. ಹೇಳಿದ್ದು ಅವರು, ಕಟ್ಟಿದ್ದು ನಾನು."

"ಹಾಗಾದ್ರೆ ಇದಕ್ಕೆ ಯಾಕೆ ಸಹಿ ಹಾಕಿದ್ರಿ?"

"ಭಯಕ್ಕೆ."

"ಈಗ ಭಯ ಇಲ್ವಾ?"

"ಇದೆ ಅಮ್ಮ."

ಅವರು ಎಲ್ಲವನ್ನೂ ಬರೆದುಕೊಂಡು ಓದಿಹೇಳಿದರು. ಸಹಿ ಮಾಡಿದೆ. ಈ ಸಲ ದುಂಡಗೆ ಬರಲಿಲ್ಲ. ತೀರ್ಪು ಹೊಸ ವರ್ಷದಲ್ಲಿ, ಅಲ್ಲಿಯ ತನಕ ಎಡಚಿಯನ್ನು ಮನೆ ಬಿಡಿಸುವಂತಿಲ್ಲ ಎಂದರು. ಎಡಚಿ ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದಳು. ಮೇಸ್ತ್ರಿ ಕೆಳಗೆ ಬೀಡಾದಂಗಡಿ ಹತ್ತಿರ ನನಗಾಗಿ ಕಾದಿದ್ದು, "ನಾಳೆಯಿಂದ ಬರಬೇಡಮ್ಮ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇವತ್ತಿನ ಒಳ್ಳೆಯ ಕೆಲಸ: ಯಾವುದೂ ಇಲ್ಲ. ಇಡೀ ದಿನ ಕಚೇರಿಯಲ್ಲೇ ಹೋಯಿತು. ಅತ್ತೆಗೆ ಮಧ್ಯಾಹ್ನದ ಮಾತ್ರೆ ಕೊಡುವುದೂ ತಪ್ಪಿತು.

ಡಿಸೆಂಬರ್ 24, ಬುಧವಾರ

ಮನೆಯವರು ನಿನ್ನೆಯಿಂದ ಮಾತಾಡಿಲ್ಲ. ಅವರನ್ನು ಇನ್ನೂ ತೆಗೆದಿಲ್ಲ. ಬಾಯ್ಲರಿಗೆ ಬೇರೆಯವರು ಸಿಗುವ ತನಕ ಇಟ್ಟುಕೊಳ್ಳುತ್ತಾರೆಂದು ಸಾಲಿನವರು ಹೇಳುತ್ತಾರೆ. ಬೆಳಿಗ್ಗೆ ಅವರು ಮಂಚದ ಕಾಲುಗಳನ್ನು ಅಲ್ಲಾಡಿಸಿ ನೋಡುತ್ತಿದ್ದರು, ಬಿಚ್ಚಲು ಬರುತ್ತದೆಯೋ ಇಲ್ಲವೋ ಎಂದು. ಬರುತ್ತದೆ.

ಹತ್ತು ಗಂಟೆಗೆ ನಲ್ಲಿಯ ಹತ್ತಿರ ನಾನು ಬಕೆಟ್ಟು ಇಟ್ಟಿದ್ದೆ. ಎಡಚಿ ಬಂದು ನನ್ನ ಬಕೆಟ್ಟನ್ನು ಕಾಲಿಂದ ಒದ್ದಳು. ನೀರೆಲ್ಲ ಚೆಲ್ಲಿತು. ಇಡೀ ಸಾಲು ಬಾಗಿಲಿಗೆ ಬಂತು.

"ನನ್ನ ಬೆರಳು ಎಲ್ಲಿ ಅಕ್ಕಾ?" ಎಂದಳು. "ಹನ್ನೊಂದು ವರ್ಷ ಒಂದೇ ಚಾದರ ಹಿಡಿದ್ವಿ. ಅಂಥಾ ಕಾಗದಕ್ಕೆ ಸಹಿ ಹಾಕುವಾಗ ನಿನ್ನ ಕೈ ಸುಡಲಿಲ್ವಾ? ಊಟ ತಂದಿಟ್ಟು ಓಡ್ತೀಯಾ, ನಾನೇನು ಬೀದಿ ನಾಯಿನಾ?"

ನಾನು ನಿಂತೇ ಇದ್ದೆ. ಅವಳು ಒಂದು ತಿಂಗಳಿಂದ ಕೂಡಿಟ್ಟದ್ದನ್ನೆಲ್ಲ ಸುರಿದಳು. ಇಲ್ಲಿ ಬರೆಯಲಾಗದ ಮಾತುಗಳೂ ಇದ್ದವು. ನಾನು ಕೇಳಿದೆ, "ಕಟ್ಟಿದ್ದು ನಾನು ಅಂತ ನಿನಗೆ ಗೊತ್ತಿತ್ತು. ಮೊದಲೇ ಯಾಕೆ ಹೇಳಲಿಲ್ಲ?"

"ನಾನು ಹೇಳಿದ್ರೆ ಅದು ಚಾಡಿ. ನೀನು ಹೇಳಿದ್ರೆ ಸತ್ಯ." ಉಸಿರು ತೆಗೆದುಕೊಂಡಳು. "ಬತ್ತಿ ಹಚ್ಚೋ ದಿನ ಅಲ್ಲಾದ್ರೂ ಹೇಳ್ತೀಯಾ ಅಂತಲೇ ಬಂದೆ. ಎಲ್ಲರೂ ಮಗು ಬರಲಿ ಅಂತ ಕಾಯ್ತಿದ್ರು. ನಾನು ನೀನು ಬರ್ತೀಯಾ ಅಂತ ಕಾಯ್ತಾ ಇದ್ದೆ."

ಒಳಗಿನಿಂದ ಅತ್ತೆ, "ಜೋರಾಗಿ ಹೇಳಮ್ಮಾ, ಅರ್ಧ ಕೇಳಿಸಲ್ಲ" ಎಂದು ಕೂಗಿದರು. ಯಾರೋ ನಕ್ಕರು. ಎಡಚಿ ನಗಲಿಲ್ಲ. ಬಕೆಟ್ಟನ್ನು ನೆಟ್ಟಗೆ ಮಾಡಿ ನಲ್ಲಿಯ ಅಡಿಗೆ ತಳ್ಳಿ ಹೋದಳು.

ಮಧ್ಯಾಹ್ನ ಮಲಗಿದೆ. ಸಂಜೆಯ ತನಕ ಎಚ್ಚರವಾಗಲಿಲ್ಲ. ಹೀಗೆ ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ. ಮೈಯಲ್ಲಿ ಏನಾದರೂ ಜ್ವರವಿದೆಯೋ ನೋಡಬೇಕು.

ಡಿಸೆಂಬರ್ 25, ಗುರುವಾರ

ಬೆಳಿಗ್ಗೆ ಆರಾಧನೆಗೆ ಹೊರಡುವ ಹೊತ್ತು. ಬಾಗಿಲು ಬಡಿದ ಸದ್ದು. ತೆಗೆದರೆ ಎಡಚಿ, ತಲೆ ಕೆದರಿಕೊಂಡು, ಬಲಗೈಯಲ್ಲಿ ಬಾಚಣಿಗೆ, ಹಲ್ಲಲ್ಲಿ ಕಚ್ಚಿಕೊಂಡ ರಿಬ್ಬನ್ನು. ಹಬ್ಬದ ಶುಭಾಶಯ ಹೇಳಲಿಲ್ಲ. 'ಬಾ' ಎನ್ನುವ ಮುಂಚೆ ಒಳಗೆ ಬಂದು ಅತ್ತೆಯ ಮಂಚದ ಅಂಚಿನಲ್ಲಿ ನನಗೆ ಬೆನ್ನು ಹಾಕಿ ಕೂತಳು.

ರಿಬ್ಬನ್ನನ್ನು ಮಡಿಲಿಗೆ ಬಿಟ್ಟು, "ಕೋಪ ಹೋಗಿಲ್ಲ" ಎಂದಳು.

"ಗೊತ್ತು."

"ಆ ಬತ್ತಿ ಲೆಕ್ಕಕ್ಕಿಲ್ಲ. ಅಯ್ಯನವರಿಗೆ ನೀನೇ ಹೇಳಬೇಕು."

"ಹೇಳ್ತೀನಿ."

ಕೂದಲು ಗಂಟುಗಂಟಾಗಿತ್ತು, ಒಂದು ತಿಂಗಳದ್ದು. ಬಿಡಿಸಲು ತುಂಬಾ ಹೊತ್ತು ಹಿಡಿಯಿತು. ಅತ್ತೆ ಕಣ್ಣು ತೆರೆದು ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ, ಅದೇ ಆಶ್ಚರ್ಯ. ಮನೆಯವರು ಒಳಗೆ ಬಂದು, ನಿಂತು, ಒಂದು ಲೋಟ ಚಹಾ ತಂದು ಅವಳ ಬಲಗೈಗೆ ಕೊಟ್ಟು ಹೋದರು. ಗಂಟೆ ಬಾರಿಸಿತು. ಆರಾಧನೆ ಶುರುವಾಯಿತು, ನಾವು ಇನ್ನೂ ಇಲ್ಲೇ.

ಮೂರು ಎಳೆ ಮಾಡಿ ಜಡೆ ಹೆಣೆದೆ. ರಿಬ್ಬನ್ನು ತೆಗೆದುಕೊಂಡೆ. ಅವಳು ತಲೆ ಅಲ್ಲಾಡಿಸದೆ ಹೇಳಿದಳು:

"ನಿನ್ನ ಗಂಟು ಹಾಕಬೇಡ. ಸಂಜೆ ನಾನೇ ಬಿಚ್ಚಿಕೋಬೇಕು. ಒಂದೇ ಕೈಲಿ."

ಸಡಿಲ ಕಟ್ಟಿದೆ. ತುದಿ ಎಳೆದರೆ ಬಿಚ್ಚಿಕೊಳ್ಳುವ ಹಾಗೆ. ಅವಳು ಕೈ ಹಿಂದಕ್ಕೆ ತಂದು ಒಮ್ಮೆ ಎಳೆದು ನೋಡಿದಳು. ಬಿಚ್ಚಿತು.

"ಇನ್ನೊಂದು ಸಲ ಕಟ್ಟು" ಎಂದಳು.